ಮಂಜೂರು, ಬಿಡುಗಡೆ, ಖರ್ಚು: ಸರ್ಕಾರದ ಹಿಸಾಬನ್ನು ಮೊಬೈಲಿನಲ್ಲಿ ಓದುವುದು ಹೇಗೆ

2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮಾ ನದಿ ದಂಡೆ ಮೀರಿ ಹರಿದಾಗ ಕಲಬುರಗಿ, ಯಾದಗಿರಿ ಜಿಲ್ಲೆಗಳ ನದಿಸಾಲಿನ ತೊಗರಿ, ಹತ್ತಿ ಹೊಲಗಳು ದಿನಗಟ್ಟಲೆ ನೀರಲ್ಲಿ ನಿಂತವು. ಬೀದರ್ ಕಡೆ ಅತಿವೃಷ್ಟಿಗೆ ಉದ್ದು, ಹೆಸರು, ಸೋಯಾ ಹಾಳಾದವು. ಪರಿಹಾರದ ದರ ಪೇಪರಿನಲ್ಲಿ ಬಂತು. ಕೇಂದ್ರದ ವಿಪತ್ತು ನಿಧಿಯ ಮಾನದಂಡದ ಪ್ರಕಾರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಒಬ್ಬ ರೈತನಿಗೆ ಹೆಚ್ಚೆಂದರೆ 2 ಹೆಕ್ಟೇರಿನ ಮಟ್ಟಿಗೆ. ಇದರ ಮೇಲೆ ಹೆಕ್ಟೇರಿಗೆ ಇನ್ನೂ 8,500 ಸೇರಿಸಿ ಕೊಡುವುದಾಗಿ ರಾಜ್ಯ ಸರ್ಕಾರ ಹೇಳಿತು.

ದರ ಎಲ್ಲರಿಗೂ ತಿಳಿಯಿತು. ಅದಾದ ಮೇಲೆ ಊರಿನ ಕಟ್ಟೆಗಳಲ್ಲಿ ಶುರುವಾದದ್ದು ಬೇರೆ ಮಾತು. ‘ಬಾಜೂ ಹೊಲದವನಿಗೆ ಬಂದದ, ನನಗ್ಯಾಕ ಬಂದಿಲ್ಲ?’ ಈ ಪ್ರಶ್ನೆ ಹಿಡಿದು ಕಚೇರಿಗೆ ಹೋದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಎಲ್ಲಾ ಆನ್‌ಲೈನ್‌ದಾಗ ಅದ, ನೋಡ್ಕೊಳ್ರಿ.’

ಉತ್ತರವೇನೋ ಖರೆ. ಬೆಳೆ ಪರಿಹಾರ ಮಾತ್ರವಲ್ಲ, ಪಂಚಾಯಿತಿಯ ಚರಂಡಿ, ಕೂಲಿಕಾರರ ಹಾಜರಿ, ರಸ್ತೆ ಟೆಂಡರ್, ರಾಜ್ಯದ ಬಜೆಟ್ಟಿನ ಸಾವಿರಾರು ಪುಟ, ಹೀಗೆ ಬಹಳಷ್ಟು ದಾಖಲೆ ಇಂದು ಯಾರ ಅಪ್ಪಣೆಯೂ ಇಲ್ಲದೆ ಮೊಬೈಲಿನಲ್ಲಿ ತೆರೆದುಕೊಳ್ಳುತ್ತದೆ. ತೊಡಕು ತೆರೆದ ಮೇಲಿನದು. ಸಂಕ್ಷೇಪಾಕ್ಷರ, ಕೋಡ್ ನಂಬರು, ‘ರಿಲೀಸ್ಡ್’, ‘ಯುಟಿಲೈಸ್ಡ್’ ಎಂಬ ಕಾಲಮ್ಮುಗಳ ಮುಂದೆ ಓದು ಬಲ್ಲವರೂ ಸುಮ್ಮನಾಗುತ್ತಾರೆ. ಆದ್ದರಿಂದ ಪೋರ್ಟಲ್ಲುಗಳ ಹೆಸರಿಗೆ ಹೋಗುವ ಮುಂಚೆ ರೊಕ್ಕ ಬೆಂಗಳೂರಿನಿಂದ ಓಣಿಯವರೆಗೆ ಬರುವಾಗ ದಾಟುವ ಹಂತಗಳನ್ನು ತಿಳಿಯುವುದು ಒಳ್ಳೆಯದು.

ಒಂದೇ ರೊಕ್ಕ, ಐದು ಹಂತ

ಸಭೆಯಲ್ಲಿ ಒಬ್ಬರು ‘ಈ ಕೆಲಸಕ್ಕೆ 2 ಕೋಟಿ ಬಂದಿದೆ’ ಎನ್ನುತ್ತಾರೆ. ಇನ್ನೊಬ್ಬರು ‘ಒಂದು ಪೈಸೆಯೂ ಬಂದಿಲ್ಲ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರಬೇಕೆಂದಿಲ್ಲ. ಇಬ್ಬರೂ ಬೇರೆ ಬೇರೆ ಹಂತದ ಮಾತಾಡುತ್ತಿರಬಹುದು.

ಮೊದಲನೆಯದು ಹಂಚಿಕೆ. ಬಜೆಟ್ಟಿನಲ್ಲಿ ಒಂದು ಮೊತ್ತ ಬರೆಯುವುದೆಂದರೆ ಇಷ್ಟರವರೆಗೆ ಖರ್ಚು ಮಾಡಲು ಶಾಸನಸಭೆ ಅನುಮತಿ ಕೊಟ್ಟಿದೆ ಎಂದಷ್ಟೇ ಅರ್ಥ. ಸಂವಿಧಾನದ 204ನೇ ವಿಧಿಯ ಪ್ರಕಾರ ಧನವಿನಿಯೋಗ ಮಸೂದೆ ಪಾಸಾಗದೆ ರಾಜ್ಯದ ಸಂಚಿತ ನಿಧಿಯಿಂದ ಹಣ ತೆಗೆಯುವಂತಿಲ್ಲ. ಅನುಮತಿ ಸಿಕ್ಕಿತೆಂದರೆ ಹಣ ಎಣಿಸಿ ಪಕ್ಕಕ್ಕಿಟ್ಟರು ಎಂದಲ್ಲ.

ಎರಡನೆಯದು ಮಂಜೂರಾತಿ. ಇದರಲ್ಲೇ ಎರಡು ಬಗೆ. ಈ ಕೆಲಸ ಬೇಕು, ಇಷ್ಟು ವೆಚ್ಚಕ್ಕೆ ಒಪ್ಪಿದ್ದೇವೆ ಎನ್ನುವುದು ಆಡಳಿತಾತ್ಮಕ ಅನುಮೋದನೆ. ಎಂಜಿನಿಯರ್ ಅಂದಾಜುಪಟ್ಟಿ ನೋಡಿ, ದರಪಟ್ಟಿಗೆ ತಾಳೆ ಹಾಕಿ, ಈ ರೀತಿ ಕಟ್ಟಬಹುದು ಎನ್ನುವುದು ತಾಂತ್ರಿಕ ಮಂಜೂರಾತಿ. ಭೂಮಿಪೂಜೆಯ ಫೋಟೊ ಹೆಚ್ಚಾಗಿ ಈ ಘಟ್ಟದ್ದು.

ಮೂರನೆಯದು ಬಿಡುಗಡೆ. ಆರ್ಥಿಕ ಇಲಾಖೆ ಕಂತುಗಳಲ್ಲಿ ಹಣ ಬಿಡುತ್ತದೆ. ನಾಲ್ಕನೆಯದು ವೆಚ್ಚ, ಅಂದರೆ ಬಿಲ್ಲು ಖಜಾನೆಯಲ್ಲಿ ಪಾಸಾಗಿ ಯಾರದೋ ಖಾತೆಗೆ ಜಮಾ ಆದದ್ದು. ಐದನೆಯದು ಬಳಕೆ ಪ್ರಮಾಣಪತ್ರ: ಕೊಟ್ಟ ಹಣವನ್ನು ಕೊಟ್ಟ ಉದ್ದೇಶಕ್ಕೇ ಬಳಸಿದ್ದೇವೆ ಎಂದು ಪಡೆದವರು ಬರೆದುಕೊಡುವ ಕಾಗದ.

ನಾಲ್ಕಕ್ಕೂ ಐದಕ್ಕೂ ನಡುವಿನ ಅಂತರವನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಇಲಾಖೆಯೊಂದು ನಿರ್ಮಾಣ ಸಂಸ್ಥೆಗೆ ಮುಂಗಡವಾಗಿ ಹಣ ವರ್ಗಾಯಿಸಿತು ಎಂದಿಟ್ಟುಕೊಳ್ಳಿ. ಖಜಾನೆಯ ಲೆಕ್ಕದಲ್ಲಿ ಅದು ಆ ದಿನವೇ ವೆಚ್ಚ. ಆದರೆ ಹಣ ಆ ಸಂಸ್ಥೆಯ ಬ್ಯಾಂಕ್ ಖಾತೆಯಲ್ಲಿ ಸುಮ್ಮನೆ ಕುಳಿತಿರಬಹುದು, ಊರಲ್ಲಿ ಒಂದು ಬುಟ್ಟಿ ಮರಳೂ ಬಿದ್ದಿರಲಿಕ್ಕಿಲ್ಲ. ಮಾರ್ಚ್ ತಿಂಗಳ ಕೊನೆಯಲ್ಲಿ ಖರ್ಚಿನ ಅಂಕಿ ಏಕಾಏಕಿ ಏರಿದ್ದು ಕಂಡರೆ ಅದರಲ್ಲಿ ಇಂಥ ವರ್ಗಾವಣೆ ಎಷ್ಟು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಹದಿನೈದು ಅಂಕಿಗಳ ವಿಳಾಸ

ಬಜೆಟ್ ಪುಸ್ತಕದಲ್ಲಿ ಪ್ರತಿ ಬಾಬ್ತಿನ ಮುಂದೆ ಅಂಕಿಗಳ ಸರಣಿ ಇರುತ್ತದೆ. ಇದಕ್ಕೆ ಲೆಕ್ಕಶೀರ್ಷಿಕೆ ಎನ್ನುತ್ತಾರೆ. ಆರು ಹಂತಗಳಲ್ಲಿ ಹದಿನೈದು ಅಂಕಿ. ಪೂರ್ತಿ ಬಾಯಿಪಾಠ ಮಾಡಬೇಕಿಲ್ಲ, ಮೊದಲ ನಾಲ್ಕು ಓದಲು ಬಂದರೆ ಸಾಕು.

2 ಅಥವಾ 3ರಿಂದ ಶುರುವಾದರೆ ಅದು ರಾಜಸ್ವ ವೆಚ್ಚ: ಸಂಬಳ, ರಿಪೇರಿ, ಸಹಾಯಧನ, ದಿನನಿತ್ಯದ ಖರ್ಚು. 4 ಅಥವಾ 5ರಿಂದ ಶುರುವಾದರೆ ಬಂಡವಾಳ ವೆಚ್ಚ: ಕಟ್ಟಡ, ಸೇತುವೆ, ಹೊಸ ರಸ್ತೆಯಂಥ ಬಾಳುವ ಆಸ್ತಿ. 2202 ಎಂದರೆ ಸಾಮಾನ್ಯ ಶಿಕ್ಷಣ, ಅದರಲ್ಲಿ ದೊಡ್ಡ ಪಾಲು ಶಿಕ್ಷಕರ ವೇತನ. ಶಾಲಾ ಕಟ್ಟಡ ಹುಡುಕುವವರು 4202ಕ್ಕೆ ಹೋಗಬೇಕು. ರಸ್ತೆಯ ನಿರ್ವಹಣೆ 3054ರಲ್ಲಿದ್ದರೆ ರಸ್ತೆ, ಸೇತುವೆಗಳ ಬಂಡವಾಳ ವೆಚ್ಚ 5054ರಲ್ಲಿರುತ್ತದೆ. ‘ನಮ್ಮ ತಾಲ್ಲೂಕಿನ ರಸ್ತೆಗೆ ಇಷ್ಟು ಕೋಟಿ’ ಎಂಬ ಸುದ್ದಿ ಬಂದಾಗ ಅದು ಗುಂಡಿ ಮುಚ್ಚುವ ಹಣವೋ, ಹೊಸ ರಸ್ತೆಯ ಹಣವೋ ಎಂಬುದನ್ನು ಈ ಒಂದು ಅಂಕಿ ಹೇಳಿಬಿಡುತ್ತದೆ.

ಈ ನಾಲ್ಕು ಅಂಕಿಗಳು ಬೀದರ್‌ನಲ್ಲೂ ಬಿಹಾರದಲ್ಲೂ ಒಂದೇ. ಸಂವಿಧಾನದ 150ನೇ ವಿಧಿ ಲೆಕ್ಕದ ನಮೂನೆಯನ್ನು ಇಡೀ ದೇಶಕ್ಕೆ ಒಂದಾಗಿ ಇಟ್ಟಿದೆ. ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರ, ಅಂದರೆ ಸಿಎಜಿಯ ಸಲಹೆಯ ಮೇಲೆ ರಾಷ್ಟ್ರಪತಿ ಅದನ್ನು ಗೊತ್ತುಮಾಡುತ್ತಾರೆ. ಜಿಲ್ಲೆಯ ಕಚೇರಿಯೊಂದು ಬಿಲ್ಲು ಹಾಕಿದಾಗ ಖಜಾನೆ–2 ಎಂಬ ತಂತ್ರಾಂಶ ಆ ಶೀರ್ಷಿಕೆಯಲ್ಲಿ ಅನುದಾನ ಉಳಿದಿದೆಯೇ ಎಂದು ನೋಡಿಯೇ ಹಣ ಬಿಡುತ್ತದೆ. ಖಜಾನೆಗಳ ತಿಂಗಳ ಲೆಕ್ಕ ಬೆಂಗಳೂರಿನ ಮಹಾಲೇಖಪಾಲರ ಕಚೇರಿ ಸೇರುತ್ತದೆ. ರಾಜ್ಯದ ಮಾಸಿಕ ಆದಾಯ, ವೆಚ್ಚದ ಸಾರಾಂಶ ಸಿಎಜಿ ಜಾಲತಾಣದಲ್ಲೇ ಸಿಗುತ್ತದೆ.

ಮಂಡಳಿಯ ಕೋಟಿಗಳನ್ನು ಎಲ್ಲಿ ಹುಡುಕುವುದು

ನಮ್ಮ ಭಾಗಕ್ಕೆ ಮಾತ್ರ ಇರುವ ಒಂದು ಕವಲು ಇದೆ. 98ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 371ಜೆ ವಿಧಿ ಸೇರಿದ ಮೇಲೆ ಹೈದರಾಬಾದ್ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂತು. 2019ರಲ್ಲಿ ಪ್ರದೇಶದ ಹೆಸರು ಬದಲಾದಾಗ ಅದೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಾಯಿತು. ಕೇಂದ್ರ ಕಚೇರಿ ಕಲಬುರಗಿಯಲ್ಲಿ. ವ್ಯಾಪ್ತಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಎಂಬ 7 ಜಿಲ್ಲೆ. 2025–26ರ ಬಜೆಟ್ಟಿನಲ್ಲಿ ಇದಕ್ಕೆ ತೋರಿಸಿದ್ದು 5,000 ಕೋಟಿ ರೂಪಾಯಿ. ಮೇಲಿನ ಐದು ಹಂತಗಳ ಪ್ರಕಾರ ಇದು ಮೊದಲ ಹಂತದ ಅಂಕಿ ಎಂಬುದನ್ನು ಮರೆಯದೆ ಮುಂದೆ ಓದಿ.

371ಜೆ ಎಂದರೆ ನೌಕರಿ ಮತ್ತು ಸೀಟಿನ ಮೀಸಲಾತಿ ಎಂದಷ್ಟೇ ಬಹಳ ಮಂದಿಗೆ ಗೊತ್ತು. ಅದೇ ವಿಧಿಯಲ್ಲಿ ಲೆಕ್ಕಕ್ಕೆ ಸಂಬಂಧಿಸಿದ ಮಾತೂ ಇದೆ: ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿ ವರ್ಷ ರಾಜ್ಯ ವಿಧಾನಸಭೆಯ ಮುಂದೆ ಇಡತಕ್ಕದ್ದು. ವಾರ್ಷಿಕ ವರದಿ ಕೊಡುವುದು ಈ ಮಂಡಳಿಯ ಮಟ್ಟಿಗೆ ಕಚೇರಿ ಪದ್ಧತಿಯಲ್ಲ, ಸಂವಿಧಾನವೇ ಹಾಕಿದ ಷರತ್ತು. ಮೀಸಲಾತಿ ಪ್ರಮಾಣಪತ್ರಕ್ಕೆ ತಹಶೀಲ್ ಕಚೇರಿಯಲ್ಲಿ ಸಾಲು ನಿಲ್ಲುವಷ್ಟು ಜನ ಈ ವರದಿಯನ್ನು ಕೇಳುವುದು ಕಡಿಮೆ.

ಮಂಡಳಿ ಸಾಮಾನ್ಯವಾಗಿ ತಾನೇ ಗೋಡೆ ಕಟ್ಟುವುದಿಲ್ಲ. ಹಣ ಕೊಡುತ್ತದೆ, ಕೆಲಸ ಮಾಡುವುದು ಅನುಷ್ಠಾನ ಸಂಸ್ಥೆ: ಲೋಕೋಪಯೋಗಿ ಇಲಾಖೆ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ನಿರ್ಮಿತಿ ಕೇಂದ್ರ, ಅಥವಾ ನಮ್ಮ ಮಂದಿ ಇವತ್ತಿಗೂ ‘ಲ್ಯಾಂಡ್ ಆರ್ಮಿ’ ಎಂದೇ ಕರೆಯುವ ಕೆಆರ್‌ಐಡಿಎಲ್, ಅಂದರೆ ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಯಮಿತ. ಹೀಗಾಗಿ ಒಂದು ಅಂಗನವಾಡಿ ಕಟ್ಟಡದ ಕಾಗದ ಎರಡು ಕಡೆ ಹರಿದು ಹಂಚಿಹೋಗಿರುತ್ತದೆ. ಯಾವ ತಾಲ್ಲೂಕಿನ ಯಾವ ಕಾಮಗಾರಿಗೆ ಎಷ್ಟು ಎಂಬ ಕ್ರಿಯಾಯೋಜನೆ ಮಂಡಳಿಯಲ್ಲಿ. ಅಂದಾಜುಪಟ್ಟಿ, ಅಳತೆ, ಬಿಲ್ಲು ಅನುಷ್ಠಾನ ಸಂಸ್ಥೆಯಲ್ಲಿ. ಒಂದು ಕಡೆ ಕೇಳಿದರೆ ಇನ್ನೊಂದು ಕಡೆ ತೋರಿಸುವುದು ಇದೇ ಕಾರಣಕ್ಕೆ. ಎರಡೂ ಕಡೆಗೆ ಸಮನಾಗಿರುವುದು ಕಾಮಗಾರಿಯ ಸಂಖ್ಯೆ. ಹೆಸರು ಹೇಳಿ ಹುಡುಕುವುದಕ್ಕಿಂತ ಸಂಖ್ಯೆ ಹಿಡಿದು ಹುಡುಕುವುದು ಕೆಲಸಕ್ಕೆ ಬರುತ್ತದೆ.

ಬಿಲ್ಲು ಅಂದರೆ ಏನು

ಕಲಬುರಗಿಯ ಗಂಜ್‌ನಲ್ಲಿ ತೊಗರಿ ಮಾರಿದವರಿಗೆ ಅಡತಿ ಅಂಗಡಿಯ ಪಟ್ಟಿ ಗೊತ್ತು. ಮೇಲೆ ತೂಕ, ದರ, ಒಟ್ಟು ಮೊತ್ತ. ಕೆಳಗೆ ಒಂದೊಂದಾಗಿ ಹಮಾಲಿ, ತೂಕದ ಖರ್ಚು, ಬಿತ್ತನೆ ಹೊತ್ತಿಗೆ ಒಯ್ದ ಮುಂಗಡ ಎಲ್ಲ ಕಳೆದು ಕೊನೆಗೆ ಕೈಗೆ ಬರುವ ರೊಕ್ಕ. ಗುತ್ತೇದಾರನ ಬಿಲ್ಲೂ ಇದೇ ಜಾತಿಯ ಕಾಗದ. ಪಟ್ಟಿಯಲ್ಲಿ ತೂಕ ತಪ್ಪಿದರೆ ಕೆಳಗಿನದೆಲ್ಲ ತಪ್ಪುವ ಹಾಗೆ ಇಲ್ಲಿ ಅಳತೆ ತಪ್ಪಿದರೆ ಉಳಿದದ್ದೆಲ್ಲ ತಪ್ಪು.

ಆ ಅಳತೆ ಬರೆಯುವ ಪುಸ್ತಕವೇ ಅಳತೆ ಪುಸ್ತಕ, ಕಚೇರಿ ಮಾತಿನಲ್ಲಿ ಎಂ.ಬಿ. ಕೆಲಸ ನಡೆದ ಜಾಗದಲ್ಲಿ ಕಿರಿಯ ಅಥವಾ ಸಹಾಯಕ ಎಂಜಿನಿಯರ್ ಉದ್ದ, ಅಗಲ, ದಪ್ಪ ಅಳೆದು ಬರೆಯಬೇಕು. ಮೇಲಧಿಕಾರಿ ಅದನ್ನು ತಪಾಸಣೆ ಮಾಡಿ ಸಹಿ ಹಾಕಬೇಕು. ಅಲ್ಲಿಂದಾಚೆ ಬಿಲ್ಲು ಬರೀ ಗುಣಾಕಾರ.

ಉದಾಹರಣೆಗೆ ಒಂದು ಓಣಿಯ ಸಿಸಿ ರಸ್ತೆ ಎಂದುಕೊಳ್ಳೋಣ, ಅಂಕಿಗಳು ಕಲ್ಪಿತ. ಉದ್ದ 100 ಮೀಟರ್, ಅಗಲ 3 ಮೀಟರ್, ಕಾಂಕ್ರೀಟಿನ ದಪ್ಪ 15 ಸೆಂಟಿಮೀಟರ್. ಗುಣಿಸಿದರೆ 45 ಘನ ಮೀಟರ್ ಕಾಂಕ್ರೀಟು. ಎಂ.ಬಿ.ಯಲ್ಲಿ 45 ಎಂದಿದ್ದು, ರಸ್ತೆಯಂಚಿನಲ್ಲಿ ಕಾಣುವ ದಪ್ಪ 10 ಸೆಂಟಿಮೀಟರ್ ಆಗಿದ್ದರೆ ವಾಸ್ತವದಲ್ಲಿ ಬಿದ್ದದ್ದು 30 ಘನ ಮೀಟರ್. ಮೂರರಲ್ಲಿ ಒಂದು ಪಾಲು ನಾಪತ್ತೆ. ಅಗಲ, ಉದ್ದ ಎರಡನ್ನೂ ದಾರಿಹೋಕರೂ ಅಳೆಯಬಹುದು, ಆದ್ದರಿಂದ ಅಲ್ಲಿ ವ್ಯತ್ಯಾಸ ಬೇಗ ಸಿಕ್ಕಿಬೀಳುತ್ತದೆ. ದಪ್ಪ ಮಣ್ಣಿನೊಳಗೆ ಅಡಗಿರುತ್ತದೆ. ಟೇಪು ಹಿಡಿಯುವುದಿದ್ದರೆ ರಸ್ತೆ ಮುಗಿದು ಬದುವಿಗೆ ಮಣ್ಣು ಎಳೆಯುವುದರೊಳಗೆ ಹಿಡಿಯಬೇಕು.

ಕಡಿತಗಳ ಕಾಲಮ್ಮನ್ನು ಜನ ಓದುವುದೇ ಇಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಶೇ 1, ಮೂಲದಲ್ಲೇ ಕಡಿಯುವ ಜಿಎಸ್‌ಟಿ ಶೇ 2, ಆದಾಯ ತೆರಿಗೆ (ಗುತ್ತೇದಾರ ಒಬ್ಬ ವ್ಯಕ್ತಿಯಾದರೆ ಶೇ 1, ಕಂಪನಿಯಾದರೆ ಶೇ 2), ಮರಳು, ಜಲ್ಲಿಯ ರಾಜಧನ, ಭದ್ರತಾ ಠೇವಣಿ. 10 ಲಕ್ಷದ ಬಿಲ್ಲಿನಲ್ಲಿ ಗುತ್ತೇದಾರನ ಖಾತೆಗೆ 10 ಲಕ್ಷ ಬೀಳದಿದ್ದರೆ ನಡುವೆ ಯಾರೋ ತಿಂದರು ಎಂದು ಹೇಳಲಾಗದು, ಬಹುಪಾಲು ಕಡಿತ ಕಾನೂನಿನದೇ. ಆದರೆ ಭದ್ರತಾ ಠೇವಣಿಯ ಸಾಲು ಊರಿನವರಿಗೆ ಉಪಯೋಗದ್ದು. ಕೆಲಸ ಮುಗಿದ ಮೇಲೂ ಒಪ್ಪಂದದಲ್ಲಿ ಬರೆದಷ್ಟು ಕಾಲ ದೋಷ ಹೊಣೆ ಅವಧಿ ಇರುತ್ತದೆ. ಅಷ್ಟರೊಳಗೆ ರಸ್ತೆ ಬಿರುಕು ಬಿಟ್ಟರೆ ಗುತ್ತೇದಾರ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು, ಇಲ್ಲವಾದರೆ ಆ ಠೇವಣಿ ಕೈಬಿಡಬೇಕು. ಒಂದೇ ಮಳೆಗಾಲಕ್ಕೆ ಎದ್ದುಹೋದ ರಸ್ತೆಗೆ ಹೊಸ ಅನುದಾನ ಕೇಳುವ ಮುನ್ನ ಈ ಅವಧಿ ಮುಗಿದಿದೆಯೇ ಎಂದು ನೋಡುವ ಊರುಗಳು ಎಷ್ಟಿವೆಯೋ!

ಊರಿನ ಲೆಕ್ಕ: ಪಂಚಾಯಿತಿಯ ಪುಟ

ಸಾಮಾನ್ಯ ಓದುಗರಿಗೆ ಬಹಳ ಹತ್ತಿರದ, ಓದಲೂ ಬಹಳ ಸುಲಭದ ದಾಖಲೆ ಎಂದರೆ ಗ್ರಾಮ ಪಂಚಾಯಿತಿಯದು. 2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನದಂದು, ಕೇಂದ್ರ ಸರ್ಕಾರ ಇ–ಗ್ರಾಮಸ್ವರಾಜ್ ಎಂಬ ಪೋರ್ಟಲ್ ಶುರುಮಾಡಿತು. ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ವರ್ಷ ಆಯ್ದುಕೊಂಡರೆ ಎರಡು ಮುಖ್ಯ ವಿಷಯ ಸಿಗುತ್ತವೆ: ಆ ವರ್ಷದ ಕ್ರಿಯಾಯೋಜನೆ ಮತ್ತು ಹಣ ಪಾವತಿಯ ವೋಚರುಗಳು. ವೋಚರಿನಲ್ಲಿ ದಿನಾಂಕ, ಮೊತ್ತ, ಯಾವ ಯೋಜನೆಯ ಹಣ, ಏತಕ್ಕೆ ಎಂಬುದಿರುತ್ತದೆ. ಮೊದಲು ಯೋಜನೆಯ ಪಟ್ಟಿ ನೋಡಿ, ಆಮೇಲೆ ವೋಚರು ನೋಡಿ. ಯೋಜನೆಯಲ್ಲಿ ಇಲ್ಲದ ಬಾಬ್ತಿಗೆ ಹಣ ಹೋಗಿದ್ದರೆ, ಅಥವಾ ಯೋಜನೆಯಲ್ಲಿ ಇದ್ದದ್ದು ವರ್ಷ ಕಳೆದರೂ ವೋಚರಿಗೆ ಬಾರದಿದ್ದರೆ, ಗ್ರಾಮಸಭೆಯಲ್ಲಿ ಕೇಳಲು ಪ್ರಶ್ನೆ ಸಿದ್ಧವಾಯಿತು.

ಪಂಚಾಯಿತಿಗಳು ಇದನ್ನೆಲ್ಲ ಹಾಕುವುದು ಒಳ್ಳೆಯತನದಿಂದಲ್ಲ, ಹಾಕದಿದ್ದರೆ ಅನುದಾನಕ್ಕೇ ಸಂಚಕಾರ. 2021ರಿಂದ 2026ರವರೆಗಿನ ಅವಧಿಯ 15ನೇ ಹಣಕಾಸು ಆಯೋಗ ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕವನ್ನೂ ಅದರ ಹಿಂದಿನ ವರ್ಷದ ಆಡಿಟ್ ಆದ ಲೆಕ್ಕವನ್ನೂ ಎಲ್ಲರೂ ನೋಡುವಂತೆ ಆನ್‌ಲೈನ್‌ನಲ್ಲಿ ಇಡಬೇಕೆಂಬ ಷರತ್ತು ಹಾಕಿತು. ಇನ್ನೊಂದು ಷರತ್ತು, ಅನುದಾನದ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಆ ಪಾಲಿನ ಹಣದಲ್ಲಿ ಪಂಚಾಯಿತಿ ಕಚೇರಿಗೆ ಕುರ್ಚಿ, ಮೇಜು ಕೊಂಡ ವೋಚರು ಕಂಡರೆ ಯಾವ ನಿಯಮದಡಿ ಎಂದು ಕೇಳಬಹುದು.

ಕೂಲಿ ಕೆಲಸದ ದಾಖಲೆಗೆ ಇನ್ನೂ ಹಳೆಯ ಚರಿತ್ರೆ ಇದೆ. 2006ರ ಫೆಬ್ರುವರಿಯಲ್ಲಿ ಉದ್ಯೋಗ ಖಾತ್ರಿ ಮೊದಲ ಬಾರಿಗೆ ಜಾರಿಯಾದ ರಾಜ್ಯದ 5 ಜಿಲ್ಲೆಗಳಲ್ಲಿ ಬೀದರ್, ಗುಲಬರ್ಗಾ ಎರಡೂ ಇದ್ದವು; ಆಗ ಯಾದಗಿರಿ ಗುಲಬರ್ಗಾದ ಒಳಗೇ ಇತ್ತು. ನರೇಗಾ ಅಡಿ ನಡೆದ ಕೆಲಸದ ಹಾಜರಿ ಪಟ್ಟಿ, ಅಂದರೆ ಎನ್‌ಎಂಆರ್, ಜಾಬ್ ಕಾರ್ಡ್ ಸಮೇತ ತೆರೆದು ನೋಡಬಹುದಾದ ದಾಖಲೆ. ಯಾರು ಎಷ್ಟು ದಿನ ಬಂದರು, ಕೂಲಿ ಯಾವ ದಿನ ಜಮಾ ಆಯಿತು, ಸಾಮಗ್ರಿ ಯಾರಿಂದ ಕೊಂಡರು, ಕೆಲಸದ ಫೋಟೊ ಎಲ್ಲಿಯದು, ಎಲ್ಲವೂ ನರೇಗಾ ಜಾಲತಾಣದಲ್ಲಿ. ಪುಣೆ, ಹೈದರಾಬಾದಿಗೆ ಗುಳೆ ಹೋದವರ ಹೆಸರು ಅದೇ ವಾರದ ಹಾಜರಿಯಲ್ಲಿ ಕಂಡರೆ ಅದನ್ನು ಕಂಡುಹಿಡಿಯಲು ಬೆಂಗಳೂರಿನಿಂದ ಆಡಿಟರ್ ಬರಬೇಕಿಲ್ಲ, ಓಣಿಯವರಿಗೇ ತಿಳಿಯುತ್ತದೆ. ಆ ಕಾಯಿದೆಯ 17ನೇ ಸೆಕ್ಷನ್ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೆ ಒಪ್ಪಿಸಿದ್ದು ಈ ಲೆಕ್ಕಾಚಾರದಿಂದಲೇ. 2025ರ ಡಿಸೆಂಬರಿನಲ್ಲಿ ಸಂಸತ್ತು ನರೇಗಾ ಜಾಗಕ್ಕೆ ಬೇರೆ ಕಾಯಿದೆಯನ್ನು ಅಂಗೀಕರಿಸಿದೆ. ಇಲ್ಲಿ ಹೇಳಿದ್ದು ನರೇಗಾ ಕಾಲದ ದಾಖಲೆಗಳ ಮಾತು.

ಪರಿಹಾರದ ಹಣ ಎಲ್ಲಿ ನಿಂತಿತು

ಶುರುವಿನ ಪ್ರಶ್ನೆಗೆ ಬರೋಣ. ಬೆಳೆ ಹಾನಿ ಪರಿಹಾರ ಬಿಲ್ಲು, ಟೆಂಡರ್ ಯಾವುದೂ ಇಲ್ಲದೆ ನೇರ ರೈತನ ಖಾತೆಗೆ ಹೋಗುವ ಹಣ. ಹಾನಿಯ ಜಂಟಿ ಸಮೀಕ್ಷೆಯನ್ನು ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಮಾಡುತ್ತಾರೆ. ಅದು ‘ಪರಿಹಾರ’ ತಂತ್ರಾಂಶಕ್ಕೆ ಏರುತ್ತದೆ. ಅಲ್ಲಿಂದ ರೈತರ ದಾಖಲೆಯ ತಂತ್ರಾಂಶವಾದ ಫ್ರೂಟ್ಸ್‌ನ ನೋಂದಣಿ ಸಂಖ್ಯೆ, ಪಹಣಿ, ಆಧಾರ್ ಒಂದಕ್ಕೊಂದು ಹೊಂದಿಕೆಯಾದ ಮೇಲೆ ಬ್ಯಾಂಕಿಗೆ ಹೋಗುತ್ತದೆ. ಪೋರ್ಟಲ್‌ನಲ್ಲಿ ಗ್ರಾಮವಾರು ಪಟ್ಟಿಯೂ, ಒಬ್ಬೊಬ್ಬರ ಪಾವತಿ ಸ್ಥಿತಿಯೂ ಸಿಗುತ್ತವೆ.

ಹೆಸರೇ ಪಟ್ಟಿಯಲ್ಲಿ ಇಲ್ಲವೆಂದರೆ ತೊಡಕು ಸಮೀಕ್ಷೆಯದು. ಗ್ರಾಮ ಆಡಳಿತಾಧಿಕಾರಿಯ ಹತ್ತಿರ ಹೋಗಬೇಕು. ಹೆಸರಿದ್ದು ಹಣ ವಾಪಸಾಗಿದ್ದರೆ ತೊಡಕು ಬ್ಯಾಂಕಿನದು. ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಅಥವಾ ಜೋಡಣೆ ಹಳೆಯ ಬೇರೆ ಖಾತೆಗಿದೆ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಲ್ಲಿದ್ದರೆ ಎರಡೂ ಕಡೆ ತಿರುಗಿ ಫಲವಿಲ್ಲ, ಪೌತಿ ಖಾತೆ ಆಗಬೇಕು, ಅಂದರೆ ಜಮೀನು ವಾರಸುದಾರರ ಹೆಸರಿಗೆ ಬರಬೇಕು. ಬೆಳೆ ವಿಮೆಯದು ಮತ್ತೊಂದೇ ದಾರಿ, ಅದನ್ನು ‘ಸಂರಕ್ಷಣೆ’ ಪೋರ್ಟಲ್‌ನಲ್ಲಿ ನೋಡಬೇಕು. ಪಕ್ಕದ ಹೊಲದವನಿಗೆ ಬಂದದ್ದು ವಿಮೆಯೋ ಪರಿಹಾರವೋ ಎಂದು ಕೇಳಿಕೊಳ್ಳದೆ ಜಗಳಕ್ಕೆ ನಿಲ್ಲುವವರೇ ಹೆಚ್ಚು.

ಇದೆಲ್ಲ ಯಾಕೆ ತೆರೆದುಕೊಂಡಿತು

ಸರ್ಕಾರದ ಖರ್ಚನ್ನು ಜನ ನೋಡಬಹುದು ಎಂಬ ಯೋಚನೆಗೆ ಬಲ ಬಂದದ್ದು ರಾಜಸ್ಥಾನದ ಕೂಲಿಕಾರರಿಂದ. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರಿನಿಂದ ಹಳ್ಳಿಗಳಲ್ಲಿ ಜನಸುನವಾಯಿ, ಅಂದರೆ ಬಹಿರಂಗ ವಿಚಾರಣೆ ಶುರುಮಾಡಿತು. ಹಾಜರಿಪಟ್ಟಿ, ಬಿಲ್ಲುಗಳನ್ನು ಸಂಪಾದಿಸಿ ಊರ ಮುಂದೆ ಗಟ್ಟಿಯಾಗಿ ಓದುವುದು, ಅಷ್ಟೇ ವಿಧಾನ. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನಗಳ ಧರಣಿ ನಡೆಯಿತು. ಆ ಚಳವಳಿ ಮುಂದೆ 2005ರ ಮಾಹಿತಿ ಹಕ್ಕು ಕಾಯಿದೆಗೆ ದಾರಿಯಾಯಿತು.

ಆ ಕಾಯಿದೆ ಎಂದರೆ ಅರ್ಜಿ ಹಾಕುವುದು ಎಂಬ ತಿಳಿವಳಿಕೆ ಬೇರೂರಿದೆ. ಅದರ 4ನೇ ಸೆಕ್ಷನ್ ಅರ್ಜಿಯನ್ನೇ ಕೇಳುವುದಿಲ್ಲ. ಪ್ರತಿ ಕಚೇರಿ ತನ್ನ ಬಜೆಟ್, ಯೋಜನೆ, ವೆಚ್ಚದ ವರದಿ, ಸಹಾಯಧನ ಪಡೆದವರ ವಿವರ ಇವನ್ನು ತಾನಾಗಿಯೇ ಪ್ರಕಟಿಸಬೇಕು ಎನ್ನುತ್ತದೆ. ಕರ್ನಾಟಕ ಸರ್ಕಾರದ ‘ಮಾಹಿತಿ ಕಣಜ’ ಇದೇ ಸೆಕ್ಷನ್‌ನ ಕೂಸು. ಬೇರೆ ಬೇರೆ ಇಲಾಖೆಗಳ ಮಾಹಿತಿಯನ್ನು ಲಾಗಿನ್ ಇಲ್ಲದೆ ಒಂದೇ ಕಡೆ ನೋಡಲು ಮಾಡಿದ್ದು, ಕನ್ನಡದಲ್ಲೇ ಓದಬಹುದು.

ಪರದೆಯ ಮೇಲೆ ಕಾಣದ್ದು

ಆನ್‌ಲೈನ್ ದಾಖಲೆ ಎಂದರೆ ಯಾರೋ ಕೀಲಿಮಣೆ ಒತ್ತಿ ತುಂಬಿದ ದಾಖಲೆ. ಖರ್ಚಾದದ್ದನ್ನು ಅದು ತೋರಿಸುತ್ತದೆ, ಗುಣಮಟ್ಟವನ್ನು ತೋರಿಸುವುದಿಲ್ಲ.

ಟೆಂಡರ್ ವಿಷಯದಲ್ಲಿ 1999ರ ಪಾರದರ್ಶಕತೆ ಕಾಯಿದೆ, ಅಂದರೆ ಕೆಟಿಪಿಪಿ, ಸರ್ಕಾರಿ ಖರೀದಿಗೆ ಬಹಿರಂಗ ಸ್ಪರ್ಧೆ ಕಡ್ಡಾಯ ಮಾಡಿದೆ. ಟೆಂಡರುಗಳು ರಾಜ್ಯದ ಖರೀದಿ ಪೋರ್ಟಲ್‌ನಲ್ಲಿ ಕಾಣುತ್ತವೆ. ಆದರೆ ಅದೇ ಕಾಯಿದೆಯ 4(ಜಿ) ಅಡಿ ಸರ್ಕಾರ ನಿರ್ದಿಷ್ಟ ಕೆಲಸಗಳಿಗೆ ವಿನಾಯಿತಿ ಕೊಟ್ಟು ಒಂದು ಸಂಸ್ಥೆಗೆ ನೇರವಾಗಿ ಒಪ್ಪಿಸಬಹುದು. ಆಗ ಟೆಂಡರ್ ಪುಟದಲ್ಲಿ ಆ ಕೆಲಸ ಹುಡುಕಿದರೆ ಸಿಗದು. ಹುಡುಕಬೇಕಾದದ್ದು ವಿನಾಯಿತಿಯ ಆದೇಶವನ್ನು.

ಇನ್ನೊಂದು, ಒಂದೇ ರಸ್ತೆಗೆ ಎರಡು ಹೆಸರು. ಮಂಡಳಿಯ ಪಟ್ಟಿಯಲ್ಲಿ ‘ಹನುಮಾನ ಗುಡಿಯಿಂದ ಅಂಗನವಾಡಿವರೆಗೆ ಸಿಸಿ ರಸ್ತೆ’. ಪಂಚಾಯಿತಿ ಪಟ್ಟಿಯಲ್ಲಿ ‘2ನೇ ವಾರ್ಡಿನ ಮುಖ್ಯ ಓಣಿ ಸಿಸಿ ರಸ್ತೆ’. ಎರಡೂ ಒಂದೇ ಜಾಗವಾಗಿರಬಹುದು. ಒಂದರ ಕೊನೆಗೆ ಇನ್ನೊಂದು ಶುರುವಾದ ಎರಡು ತುಂಡುಗಳೂ ಆಗಿರಬಹುದು. ಪರದೆ ನೋಡಿ ತೀರ್ಪು ಕೊಡುವ ಹಾಗಿಲ್ಲ, ನಕ್ಷೆ ಹಿಡಿದು ನಡೆದು ನೋಡಬೇಕು.

ಮೂರನೆಯದು ಹೊಸ ಬೆಳವಣಿಗೆ. ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯಿದೆ ಮಾಹಿತಿ ಹಕ್ಕಿನ 8(1)(ಜೆ) ಉಪಸೆಕ್ಷನ್ನನ್ನು ಬದಲಿಸಿತು, ಆ ಬದಲಾವಣೆ 2025ರ ನವೆಂಬರಿನಲ್ಲಿ ಜಾರಿಯಾಯಿತು. ಮೊದಲು ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಲು ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧವಿಲ್ಲ, ಅಥವಾ ಕೊಟ್ಟರೆ ಖಾಸಗಿತನಕ್ಕೆ ಅನಗತ್ಯ ಧಕ್ಕೆ ಎಂದು ಹೇಳಬೇಕಿತ್ತು. ಈಗ ‘ವೈಯಕ್ತಿಕ ಮಾಹಿತಿ’ ಎಂಬ ಎರಡು ಪದವೇ ಸಾಕು. ಫಲಾನುಭವಿಗಳ ಪಟ್ಟಿ ಕೇಳಿದಾಗ ಈ ಕಾರಣ ಎದುರಾಗಬಹುದು. ಆದರೆ 8(2) ಹಾಗೇ ಉಳಿದಿದೆ: ಬಹಿರಂಗಪಡಿಸುವುದರಲ್ಲಿ ಸಾರ್ವಜನಿಕ ಹಿತ ಹೆಚ್ಚಿದ್ದರೆ ಮಾಹಿತಿ ಕೊಡಬಹುದು. ಅರ್ಜಿಯಲ್ಲಿ ಆ ಹಿತವೇನೆಂದು ಒಂದು ಸಾಲು ಬರೆಯುವುದು ಇನ್ನು ಮುಂದೆ ಅಗತ್ಯ.

ತಾಳೆಯಾಗದಿದ್ದರೆ

ಪಂಚಾಯಿತಿ ಮಟ್ಟದಲ್ಲಿ ಅತಿ ಹತ್ತಿರದ ಜಾಗ ಜಮಾಬಂದಿ. ಪ್ರತಿ ವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಹಿಂದಿನ ವರ್ಷದ ಜಮಾ, ಖರ್ಚು, ಕಾಮಗಾರಿಗಳನ್ನು ಜನರೆದುರು ಪರಿಶೀಲಿಸುವ ನಿಯಮ ನಮ್ಮ ರಾಜ್ಯದಲ್ಲಿದೆ. ಅಲ್ಲಿಗೆ ವೋಚರಿನ ಪ್ರಿಂಟು ಹಿಡಿದು ಹೋದವರ ಪ್ರಶ್ನೆಗೂ ಬರಿಗೈಯಲ್ಲಿ ಹೋದವರ ಪ್ರಶ್ನೆಗೂ ಉತ್ತರದ ಧಾಟಿಯೇ ಬೇರೆ.

ಮೇಲಿನ ಹಂತಕ್ಕೆ ಮಾಹಿತಿ ಹಕ್ಕಿನ ಅರ್ಜಿ. ರಾಜ್ಯದ ನಿಯಮದಂತೆ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ನಮ್ಮೂರ ಅಭಿವೃದ್ಧಿ ಕೆಲಸಗಳ ಪೂರ್ಣ ಮಾಹಿತಿ ಕೊಡಿ’ ಎಂದು ಬರೆದರೆ ಉತ್ತರ ಬರುವುದು ಕಷ್ಟ. ಕಾಮಗಾರಿ ಸಂಖ್ಯೆ ಬರೆದು ‘ಅಂದಾಜುಪಟ್ಟಿ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಅಂತಿಮ ಬಿಲ್ಲು, ದೋಷ ಹೊಣೆ ಅವಧಿಯ ವಿವರ’ ಎಂದು ನಾಲ್ಕು ಕಾಗದ ಕೇಳಿದರೆ ತಪ್ಪಿಸಿಕೊಳ್ಳಲು ದಾರಿ ಕಡಿಮೆ. ಕಾಗದವಲ್ಲದೆ ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯುವ ಹಕ್ಕೂ 2(ಜೆ) ಸೆಕ್ಷನ್‌ನಲ್ಲಿದೆ. ಕಾಂಕ್ರೀಟಿನ ದಪ್ಪದ ತಕರಾರಿಗೆ ಇದಕ್ಕಿಂತ ನೇರ ದಾರಿ ಬೇರೊಂದಿಲ್ಲ.

ಉತ್ತರಕ್ಕೆ 30 ದಿನ. ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ. ಅದೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದ ಪೀಠ ಕಲಬುರಗಿಯಲ್ಲೇ ಇರುವುದರಿಂದ ಔರಾದ್, ಸುರಪುರದವರು ಇದಕ್ಕಾಗಿ ಬೆಂಗಳೂರು ಗಾಡಿ ಹತ್ತಬೇಕಿಲ್ಲ. ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆ ದಂಡ ಅರ್ಜಿದಾರನ ಕೈಗೆ ಬರುವುದಿಲ್ಲ. ತಿರುಗಾಟದ ಖರ್ಚು, ಕಳೆದ ಕೂಲಿ ದಿನಗಳಿಗೆ ಬದಲಿ ಬೇಕಿದ್ದರೆ 19(8)(ಬಿ) ಅಡಿ ನಷ್ಟ ಪರಿಹಾರವನ್ನು ಮೇಲ್ಮನವಿಯಲ್ಲೇ ಬೇರೆಯಾಗಿ ಬರೆದು ಕೇಳಬೇಕು.